ಹನ್ನೊಂದಡಿ ಬೋಟಿಗೆ ಇಪ್ಪತ್ತೈದು ಕುದುರೆ!

ಮಳೆಗಾಲಕ್ಕೆ ಎರಡು ತಿಂಗಳು ಇರುವಾಗಲೇ ನಮ್ಮ ನದಿ ಬದಿಯ ಪೇಟೆಗಳಲ್ಲಿ ಒಂದು ಕೆಲಸ ಸುರುವಾಗುತ್ತದೆ. ಕೆಳಗಿನ ಕಪಾಟಿನ ಸಾಮಾನು ಮೇಲಿನ ಕಪಾಟಿಗೆ, ಮೇಲಿನದ್ದು ಅಟ್ಟಕ್ಕೆ. ಅಕ್ಕಿ, ಸಕ್ಕರೆ, ಸಿಮೆಂಟು ಈ ಮೂರಕ್ಕೆ ಮೊದಲು ಜಾಗ, ಉಳಿದದ್ದು ದೇವರ ಇಚ್ಛೆ. ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿಗೆ ಬಂತು ಅಂದರೆ ಅಪಾಯದ ಮಟ್ಟ ಅಂತ ಲೆಕ್ಕ. ಆ ಅಂಕಿ ಇಲ್ಲಿನ ಅಂಗಡಿಯವರಿಗೆ ಮಕ್ಕಳ ಹುಟ್ಟಿದ ತಾರೀಕಿಗಿಂತ ಹೆಚ್ಚು ನೆನಪು. 1923ರ ‘ಮಾರಿ ಬೊಳ್ಳ’ವನ್ನು ಕಂಡವರು ಈಗ ಇಲ್ಲ. 1974ರದ್ದನ್ನು ಕಂಡವರು ಗೋಡೆ ತೋರಿಸಿ ಹೇಳುತ್ತಾರೆ. 2019ರದ್ದು ಎಲ್ಲರ ಮೊಬೈಲಿನಲ್ಲೂ ಉಂಟು.

ಅಂಥದ್ದೇ ಒಂದು ಪೇಟೆಯ ವರ್ತಕರು ಈ ಸಲ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದರು. ಆ ಒಳ್ಳೆಯ ಕೆಲಸ ಒಬ್ಬ ಹುಡುಗನ ಜೀವವನ್ನೇ ತೆಗೆಯುವುದರಲ್ಲಿತ್ತು. ಪೇಟೆಯ ಹೆಸರು ಬೇಡ. ದಿನಾ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗುವವರಿಗೆ ಗೊತ್ತಾದರೆ ಗೊತ್ತಾಗಲಿ, ನಾವು ಹೇಳಿದ್ದಲ್ಲ.

ಚಂದಾ ಎತ್ತಿ ತಂದ ಬೋಟು

ನೆರೆ ಬಂದಾಗ ಸರಕಾರದ ಬೋಟು ಬರುತ್ತದೆ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಜಿಲ್ಲೆಯಲ್ಲಿ ಹತ್ತು ಕಡೆ ನೀರು ಏರಿದಾಗ ಅದು ನಮ್ಮ ಬಾಗಿಲಿಗೆ ಬರುವುದು ಎಷ್ಟು ಗಂಟೆಗೆ? ಕಳೆದ ಸಲ ಹೋಟೆಲಿನವರ ತಾಯಿಯನ್ನು ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ ಮೇಲಿನ ರಸ್ತೆಗೆ ತಂದದ್ದು. ಆ ಅವಮಾನ ಹೋಟೆಲಿನವರಿಗೆ ಇನ್ನೂ ಹೋಗಿಲ್ಲ. ಹಾಗಾಗಿ ವರ್ತಕರೆಲ್ಲ ಸೇರಿ ಚಂದಾ ಎತ್ತಿದರು. ಗಾಳಿ ತುಂಬುವ ರಬ್ಬರ್ ಬೋಟು ಬಂತು. ಹನ್ನೊಂದಡಿ ಉದ್ದ, ಎರಡು ಬದಿಗೆ ದಪ್ಪ ಕೊಳವೆ, ಕೆಳಗೆ ಪ್ಲೈವುಡ್ ಹಲಗೆಯ ನೆಲ, ಹಿಂದೆ ಇಂಜಿನು ಕೂರಿಸಲು ಒಂದು ದಪ್ಪ ಹಲಗೆ. ಮಡಚಿದರೆ ಎರಡು ಚೀಲದಲ್ಲಿ ಹಿಡಿಯುತ್ತದೆ. ವರ್ಷದ ಹನ್ನೊಂದು ತಿಂಗಳು ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೂ ಉಪದ್ರ ಇಲ್ಲ. ಆಯ್ಕೆ ಒಳ್ಳೆಯದೇ.

ತೊಂದರೆ ಸುರುವಾದದ್ದು ಇಂಜಿನಿನ ವಿಷಯದಲ್ಲಿ.

ಹಿಂದಿನ ಹಲಗೆಗೆ ತಯಾರಕರು ಅಂಟಿಸಿದ ಸಣ್ಣ ಪಟ್ಟಿ ಒಂದಿತ್ತು. ಜನ ಐದು, ಭಾರ ಇಷ್ಟು, ಕೊಳವೆಯ ಗಾಳಿ ಇಷ್ಟು, ಇಂಜಿನು ಹೆಚ್ಚೆಂದರೆ 15 ಹಾರ್ಸ್‌ಪವರ್. ಅದನ್ನು ಓದಿದವರು ಜವಳಿ ಅಂಗಡಿಯವರು ಒಬ್ಬರೇ. ಓದಿ ಸುಮ್ಮನಾದರು. ಯಾಕೆಂದರೆ ಅಷ್ಟರಲ್ಲಿ ಹಾರ್ಡ್‌ವೇರ್ ಧಣಿಗಳು ಕಡಲ ಬದಿಯಿಂದ ಒಂದು 25 ಹಾರ್ಸ್‌ಪವರ್ ಇಂಜಿನನ್ನು ಕ್ರಯ ಮಾಡಿ ಪಿಕಪ್ಪಿನಲ್ಲಿ ತಂದು ಇಳಿಸಿ ಆಗಿತ್ತು. ನಾಡದೋಣಿಗೆ ಓಡಿದ ಹಳೆ ಇಂಜಿನು. ಚೀಪಿಗೆ ಸಿಕ್ಕಿತಂತೆ.

“ನೆರೆಯ ನೀರಿಗೆ ಎದುರು ಹೋಗಬೇಕಾದರೆ ಶಕ್ತಿ ಬೇಡವಾ ಮಾರಾಯ್ರೆ? ಹದಿನೈದು ಇದ್ದ ಕಡೆ ಇಪ್ಪತ್ತೈದು ಇದ್ದರೆ ಲಾಭವೇ ಅಲ್ವಾ? ಅರ್ಧ ತಿರುಗಿಸಿದರೆ ಆಯಿತು” ಎಂದರು ಧಣಿಗಳು.

ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಅಂಗಡಿಯ ಲೆಕ್ಕದಲ್ಲಿ ಸರಿಯೇ. ಹತ್ತು ಕಿಲೋ ತೂಗುವ ತಕ್ಕಡಿಗಿಂತ ಐವತ್ತು ತೂಗುವ ತಕ್ಕಡಿ ಮೇಲು. ನೀರಿನ ಲೆಕ್ಕ ಬೇರೆ ಎಂದು ಹೇಳಿದವನೊಬ್ಬ ಇದ್ದ, ಹಳೆಯ ಕಡವಿನ ದೋಣಿಯ ಅಜ್ಜ. ಸೇತುವೆ ಆದ ಮೇಲೆ ಕಡವು ನಿಂತಿತು, ಅಜ್ಜನ ಮಾತೂ ನಿಂತಿತು. ಈಗ ಬಲೆ ಹಾಕಿ ನಾಲ್ಕು ಮೀನು ಹಿಡಿದು ಹೋಟೆಲಿಗೆ ಕೊಡುತ್ತಾನೆ. “ಧಣಿ, ಅದು ದೋಣಿಗಿಂತ ದೊಡ್ಡದಾಯಿತು” ಎಂದನಂತೆ. ಯಾರು ಕೇಳಬೇಕು?

ಆ ಭಾನುವಾರ

ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ, ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಟ್ರಯಲ್. ಕರೆದಿದ್ದರು, ಈ ಅಂಕಣದವನೂ ಹೋಗಿದ್ದ. ದಡದಲ್ಲಿ ಜಾತ್ರೆಯಷ್ಟು ಜನ. ಚರುಮುರಿಯವ ಗಾಡಿ ತಂದು ನಿಲ್ಲಿಸಿದ್ದ. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದವು, ಅವರನ್ನು ಮೇಲೆ ಬನ್ನಿ ಎಂದವರು ಯಾರೂ ಇಲ್ಲ.

ಬೋಟಿಗೆ ಗಾಳಿ ತುಂಬಿದ್ದು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ. ಹೆಬ್ಬೆರಳಿನಿಂದ ಒತ್ತಿ ನೋಡಿ “ಗಟ್ಟಿ ಉಂಟು” ಎಂದರು. ಇಂಜಿನನ್ನು ನಾಲ್ಕು ಜನ ಎತ್ತಿ ಹಿಂದಿನ ಹಲಗೆಗೆ ಕಚ್ಚಿಸಿದರು. ಅದರ ಪಕ್ಕದಲ್ಲೇ ಪೆಟ್ರೋಲಿನ ಟ್ಯಾಂಕು. ಚಾಲಕ ಹಾರ್ಡ್‌ವೇರ್ ಧಣಿಗಳ ತಂಗಿಯ ಮಗ, ಕಾಲೇಜು ಮುಗಿಸಿದ ಚುರುಕು ಹುಡುಗ, ಬುಲೆಟ್ ಓಡಿಸಿ ಗೊತ್ತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡ. ಅಷ್ಟು ಬುದ್ಧಿ ಇತ್ತು, ಅದೇ ಕಾಪಾಡಿತು.

“ಮಾವ, ಒಬ್ಬನೇ ಒಂದು ರೌಂಡು ಹೋಗಿ ಬರ್ತೇನೆ. ಆಮೇಲೆ ನೀವು ಕೂತುಕೊಳ್ಳಿ.”

ಇಂಜಿನು ಸ್ಟಾರ್ಟಾಯಿತು. ಮೆಲ್ಲ ಮೆಲ್ಲ ನಡುವಿಗೆ ಹೋದ. ಅಲ್ಲಿ ಹಿಡಿಯನ್ನು ತಿರುಗಿಸಿದ್ದೇ ತಡ, ಬೋಟಿನ ಮೂತಿ ಆಕಾಶಕ್ಕೆ! ದಡದಲ್ಲಿ ಚಪ್ಪಾಳೆ. ಜನಕ್ಕೆ ಅದು ಸರ್ಕಸ್ಸಿನ ಕುದುರೆಯ ಹಾಗೆ ಕಂಡಿತು. ಹುಡುಗನಿಗೆ ಎದುರಿಗೆ ಏನೂ ಕಾಣಿಸುತ್ತಿರಲಿಲ್ಲ, ರಬ್ಬರ್ ಬಿಟ್ಟರೆ. ಹಾಗೇ ಸ್ವಲ್ಪ ದೂರ ಹೋಗಿ ಮೂತಿ ಕೆಳಗೆ ಬಂತು, ವೇಗ ಏರಿತು. ಆಗ ಎರಡನೇ ಆಟ. ಬಿಟ್ಟ ಕರುವಿನ ಹಾಗೆ ಬೋಟು ನೆಗೆಯಲು ಸುರು ಮಾಡಿತು, ಮೂತಿ ಮೇಲೆ, ಕೆಳಗೆ, ಮೇಲೆ, ಕೆಳಗೆ. ನಡುವಿನಲ್ಲಿ ನೆಲವೇ ಮಡಚಿ ಬಿಚ್ಚುವುದು ದಡಕ್ಕೇ ಕಾಣುತ್ತಿತ್ತು. ಹುಡುಗ ಹೆದರಿದ. ಹೆದರಿ ಮಾಡಬಾರದ್ದನ್ನು ಮಾಡಿದ. ವೇಗ ಇಳಿಸದೆ ದಡದ ಕಡೆಗೆ ತಿರುಗಿಸಿದ.

ಬೋಟು ಮೊದಲು ಅಡ್ಡಕ್ಕೆ ಜಾರಿತು. ಮತ್ತೆ ಒಮ್ಮೆಗೇ ನೀರು ಕಚ್ಚಿತು. ಹುಡುಗ ಕೊಳವೆಯ ಮೇಲಿಂದ ಉರುಳಿ ನೀರಿಗೆ.

ಇಂಜಿನು ನಿಲ್ಲಲಿಲ್ಲ.

ಯಾರೂ ಇಲ್ಲದ ಬೋಟು ತನ್ನಷ್ಟಕ್ಕೆ ಸುತ್ತು ಹೊಡೆಯತೊಡಗಿತು. ಸುತ್ತಿನ ನಡುವೆ ಕಿತ್ತಳೆ ಬಣ್ಣದ ಚುಕ್ಕಿ, ನಮ್ಮ ಹುಡುಗ. ಮೊದಲ ಸುತ್ತಿನಲ್ಲಿ ಎರಡು ಮಾರು ದೂರದಿಂದ ಹೋಯಿತು. ಎರಡನೇ ಸುತ್ತಿನಲ್ಲಿ ಕೊಳವೆ ಅವನ ಭುಜಕ್ಕೆ ಬಡಿದು ಕೆಳಗೆ ದೂಡಿತು. ದಡದಲ್ಲಿ ಚಪ್ಪಾಳೆ ನಿಂತು ಬೊಬ್ಬೆ ಎದ್ದಿತು. “ಬೋಟು ಹಿಡಿ! ಬೋಟು ಹಿಡಿ!” ಎಂದು ಕೂಗುವವರೇ ಹೆಚ್ಚು. ಹಿಡಿಯಲು ಹೋದರೆ ಕೈ ಉಳಿಯುತ್ತದಾ?

ಕಡವಿನ ಅಜ್ಜ ಅಷ್ಟರಲ್ಲಿ ತನ್ನ ದೋಣಿಯನ್ನು ದೂಡಿ ಆಗಿತ್ತು. “ಮಗಾ, ಬೋಟಿನ ಹತ್ರ ಬೇಡ, ಹೊರಗೆ ಈಜು, ಹೊರಗೆ!” ಎಂದು ಅವನು ಹಾಕಿದ ಸ್ವರ ಆ ಇಂಜಿನಿನ ಶಬ್ದದ ಮೇಲೆಯೂ ಕೇಳಿತು. ಬೋಟು ಸುತ್ತು ಹೊಡೆಯುವ ದಾರಿಗೆ ಅಡ್ಡವಾಗಿ ತನ್ನ ಉದ್ದ ಬಲೆಯನ್ನು ಎಸೆದು ಹಿಂದೆ ಸರಿದ. ಮುಂದಿನ ಸುತ್ತಿಗೆ ಬಂದ ಬೋಟು ಬಲೆಯ ಮೇಲೆ ಹೋಯಿತು. ಬಲೆ ಫ್ಯಾನಿಗೆ ಸುತ್ತಿಕೊಂಡಿತು. ಗೊರ್ ಎಂದು ಒಂದು ಶಬ್ದ, ಮತ್ತೆ ನಿಶ್ಶಬ್ದ.

ಹುಡುಗನ ಹಿಮ್ಮಡಿಗೆ ಏಳು ಹೊಲಿಗೆ. ಭುಜ ಒಂದು ತಿಂಗಳು ಕಟ್ಟಿನಲ್ಲಿತ್ತು. ಚರುಮುರಿಯವ ಆ ದಿನ ದುಡ್ಡು ಕೇಳಲಿಲ್ಲ, ಜನರೂ ಕೊಡಲಿಲ್ಲ.

ಮೂರು ಮೂಟೆ ಸಿಮೆಂಟು

ಮರುದಿನ ಈ ಅಂಕಣದವನು ನಾಡದೋಣಿಯ ಇಂಜಿನು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಆ ಬೋಟನ್ನು ತೋರಿಸಿದ. ಅವರು ಹತ್ತು ನಿಮಿಷ ಸುತ್ತ ನೋಡಿದರು. ಆಮೇಲೆ ಹೇಳಿದ್ದನ್ನು ಅಂಗಡಿಯ ಭಾಷೆಯಲ್ಲಿ ಬರೆಯುತ್ತೇವೆ.

25 ಹಾರ್ಸ್‌ಪವರಿನ ಆ ಇಂಜಿನಿನ ತೂಕ 50 ಕಿಲೋ ಆಸುಪಾಸು, ಅಂದರೆ ಒಂದು ಮೂಟೆ ಸಿಮೆಂಟು. ಹಿಡಿ ಹಿಡಿದು ಹಿಂದಿನ ಮೂಲೆಯಲ್ಲಿ ಕೂತ ಹುಡುಗ 70 ಕಿಲೋ. ಪಕ್ಕದ ಟ್ಯಾಂಕಿನಲ್ಲಿ 25 ಲೀಟರ್ ಪೆಟ್ರೋಲು, ಸುಮಾರು 20 ಕಿಲೋ. ಒಟ್ಟಿಗೆ ಹತ್ತಿರ ಹತ್ತಿರ ಮೂರು ಮೂಟೆ, ಎಲ್ಲ ಬೋಟಿನ ಬಾಲದಲ್ಲಿ. ಮುಂದೆ? ಸೊನ್ನೆ. ಫ್ಯಾನು ನೀರಿನ ಕೆಳಗಿನಿಂದ ದೂಡುತ್ತದೆ, ಮೇಲೆ ಭಾರ ಹಿಂದೆ ಕೂತಿದೆ, ಮೂತಿ ಮೇಲೇಳದೆ ಇನ್ನೇನಾಗಬೇಕು? ಆ ಹೊತ್ತಿಗೆ ಎದುರಿನಿಂದ ಒಂದು ಗಾಳಿ ಬೀಸಿದ್ದರೆ ಎತ್ತಿದ ಮೂತಿಗೆ ಅದೇ ಹಾಯಿ. ಬೋಟು ಹಿಂದಕ್ಕೆ ಮಗುಚಿ ಇಂಜಿನು ಸಮೇತ ಹುಡುಗನ ತಲೆಯ ಮೇಲೆ ಬೀಳುತ್ತಿತ್ತು. ಚಿಕ್ಕ ರಬ್ಬರ್ ಬೋಟು, ದೊಡ್ಡ ಇಂಜಿನು, ಒಬ್ಬನೇ ಚಾಲಕ. ಈ ಮೂರು ಸೇರಬಾರದು ಎಂದರು ಮೆಕ್ಯಾನಿಕ್.

ಹಾಗಾದರೆ ಮೂತಿ ಎತ್ತದ ಹಾಗೆ ಏನು ಮಾಡುವುದು? ಟ್ಯಾಂಕನ್ನು ಮುಂದೆ ಇಡಿ, ಪೈಪು ಉದ್ದ ಹಾಕಿದರಾಯಿತು. ಒಬ್ಬ ಮುಂದೆ ಕೂರಲಿ. ಯಾರೂ ಇಲ್ಲದಿದ್ದರೆ ನೀರು ತುಂಬಿದ ಎರಡು ಕ್ಯಾನನ್ನು ಮುಂದೆ ಕಟ್ಟಿ. ಹಿಡಿಗೆ ಉದ್ದದ ಪೈಪು ಸಿಗುತ್ತದೆ, ಅದನ್ನು ಹಾಕಿದರೆ ಚಾಲಕನೂ ಒಂದು ಮೊಳ ಮುಂದೆ ಬಂದು ಕೂರಬಹುದು. ವೇಗ ಮೆಲ್ಲ ಏರಿಸಬೇಕು, ಬುಲೆಟ್ಟಿನ ಹಾಗೆ ಒಮ್ಮೆಗೇ ಅಲ್ಲ.

ನೆಗೆತದ ಕಾರಣ ಇನ್ನೊಂದು. ಇಂಜಿನನ್ನು ಹಲಗೆಗೆ ಕೂರಿಸುವ ಕಡೆ ಒಂದು ಪಿನ್ನು, ಅದಕ್ಕೆ ನಾಲ್ಕಾರು ತೂತು ಇರುತ್ತದೆ. ಯಾವ ತೂತಿಗೆ ಪಿನ್ನು ಹಾಕುತ್ತೀರೋ ಅದರ ಮೇಲೆ ಇಂಜಿನಿನ ಕಾಲು ಹೊರಗೆ ಚಾಚಿ ನಿಲ್ಲುವುದೋ ಒಳಗೆ ಬೋಟಿನ ಕಡೆಗೆ ವಾಲುವುದೋ ತೀರ್ಮಾನ. ಹೊರಗೆ ಚಾಚಿದರೆ ಮೂತಿ ಎತ್ತುತ್ತದೆ, ಒಳಗೆ ಬಂದರೆ ಮೂತಿ ತಗ್ಗುತ್ತದೆ. ನಮ್ಮವರ ಪಿನ್ನು ಕೊನೆಯ ತೂತಿನಲ್ಲಿ, ಪೂರ್ತಿ ಹೊರಗೆ. ಹಿಂದಿನ ಮಾಲೀಕನ ಭಾರದ ದೋಣಿಗೆ ಅದು ಸರಿ ಇದ್ದಿರಬಹುದು. ಯಾರೂ ಮುಟ್ಟಿ ನೋಡಲಿಲ್ಲ. ಬೋಟು ನೆಗೆಯಲು ಸುರು ಮಾಡಿದರೆ ಮೊದಲು ವೇಗ ಇಳಿಸಬೇಕು, ದಡಕ್ಕೆ ಬಂದು ಪಿನ್ನನ್ನು ಒಂದೊಂದೇ ತೂತು ಒಳಗೆ ಹಾಕಿ ನೋಡಬೇಕು. ಒಮ್ಮೆಗೇ ಪೂರ್ತಿ ಒಳಗೂ ಬೇಡ, ಹಾಗೆ ಮಾಡಿದರೆ ಮೂತಿ ನೀರಿಗೆ ಹೂತುಕೊಂಡು ಬೋಟು ಮಾತೇ ಕೇಳುವುದಿಲ್ಲ.

ನೆಲ ಮಡಚಿದ್ದಕ್ಕೆ ಕಾರಣ ಗಾಳಿ. ಕಾರಿನ ಟೈರಿಗೆ 30ರಷ್ಟು ಪ್ರೆಶರ್ ಬೇಕಾದರೆ ಇಂಥ ಬೋಟಿನ ಕೊಳವೆಗೆ ಬೇಕಾದದ್ದು 3ರಿಂದ 4ರ ಒಳಗೆ. ಇಷ್ಟು ಕಡಿಮೆ ಅಂಕಿಯಲ್ಲಿ ಅರ್ಧ ಕಡಿಮೆಯಾದರೂ ದೊಡ್ಡ ವ್ಯತ್ಯಾಸ. ಹೆಬ್ಬೆರಳಿಗೆ ಅದು ತಿಳಿಯುವುದಿಲ್ಲ, ಗೇಜು ಬೇಕು. ಮೇಲಿಂದ ಇವರು ತುಂಬಿದ್ದು ಎರಡು ಗಂಟೆಯ ಬಿಸಿಲಿನಲ್ಲಿ. ಬಿಸಿ ಗಾಳಿ ಹಿಗ್ಗಿತ್ತು, ತಣ್ಣನೆ ನೀರಿಗೆ ಇಳಿಸಿದೊಡನೆ ಕುಗ್ಗಿತು. ಬೋಟು ನೀರಿಗೆ ಇಳಿದ ಮೇಲೆ ಇನ್ನೊಮ್ಮೆ ನೋಡಿ ತುಂಬಬೇಕು. ಗಾಳಿ ಕಡಿಮೆ ಇರುವ ಬೋಟಿಗೆ ದೊಡ್ಡ ಇಂಜಿನು ದೂಡಿದರೆ ಹಿಂದಿನ ಅರ್ಧ ಒಂದು ಕಡೆ, ಮುಂದಿನ ಅರ್ಧ ಒಂದು ಕಡೆ. ಇದರಲ್ಲಿ ವಿಚಿತ್ರ ಏನಿದೆ?

ಇನ್ನು ಉದ್ದದ ವಿಷಯ. ಈ ಔಟ್‌ಬೋರ್ಡ್ ಇಂಜಿನುಗಳಲ್ಲಿ ಸಾಮಾನ್ಯವಾಗಿ ಎರಡು ಕಾಲಿನವು, 15 ಇಂಚಿಗೆ ಹೊಂದುವ ಗಿಡ್ಡ ಕಾಲು, 20 ಇಂಚಿಗೆ ಹೊಂದುವ ಉದ್ದ ಕಾಲು. ಬೋಟಿನ ಹಿಂದಿನ ಹಲಗೆ ಎಷ್ಟು ಎತ್ತರವೋ ಅದಕ್ಕೆ ತಕ್ಕ ಕಾಲು. ಚಿಕ್ಕ ರಬ್ಬರ್ ಬೋಟಿಗೆ ಗಿಡ್ಡ ಕಾಲು ಸಾಕು. ಕಡಲಿನಿಂದ ಬಂದ ಈ ಇಂಜಿನು ಉದ್ದ ಕಾಲಿನದ್ದು. ಫ್ಯಾನಿನ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆಯಲ್ಲ, ಅದು ಬೋಟಿನ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಇಲ್ಲಿ ಒಂದು ಗೇಣಿನ ಹತ್ತಿರ ಕೆಳಗೆ ಇತ್ತು. ಅಷ್ಟು ಆಳದಿಂದ ದೂಡಿದರೆ ಹಲಗೆಯ ಮೇಲೆ ಬೀಳುವ ಮೀಟುವಿಕೆ ಎಷ್ಟು? ತಿರುಗಿಸುವಾಗ ಕಾಲು ನೀರಿಗೆ ತಾಗಿ ಬೋಟನ್ನೇ ಎಡವಿಸುತ್ತದೆ. ಹುಡುಗನನ್ನು ಎಸೆದದ್ದರಲ್ಲಿ ಇದರ ಪಾಲೂ ಉಂಟು.

ಹಿಂದಿನ ಹಲಗೆಯ ಅಂಟು ಬಿಟ್ಟಿದೆಯೋ ನೋಡಿ ಎಂದೆವು. ಎಡಬದಿಯಲ್ಲಿ ಬೆರಳು ಹೋಗುವಷ್ಟು ಬಿಟ್ಟಿತ್ತು. ಹೊಸ ಬೋಟು, ಒಂದೇ ದಿನ! ಆ ಹಲಗೆ ಮೊಳೆಯಿಂದ ಕೂತದ್ದಲ್ಲ, ಅಂಟಿನಿಂದ. ತಗಡಿನ ಮಾಡಿನ ಗೋಡೌನಿನಲ್ಲಿ ಏಪ್ರಿಲ್, ಮೇ ಬಿಸಿಗೆ ಅಂಟು ಇನ್ನೂ ಮೆತ್ತಗಾಗುತ್ತದೆ. ತಯಾರಕ 15 ಎಂದು ಬರೆದದ್ದು ಇಂಥದ್ದನ್ನೆಲ್ಲ ಲೆಕ್ಕ ಹಾಕಿ. ಅವನಿಗೇನು, ದೊಡ್ಡ ಇಂಜಿನು ಹಾಕಿ ಎಂದರೆ ಬೋಟು ಇನ್ನೂ ಚೆನ್ನಾಗಿ ಮಾರಾಟವಾಗುತ್ತಿರಲಿಲ್ಲವೇ?

ಧಣಿಗಳ ‘ಅರ್ಧ ತಿರುಗಿಸಿದರೆ ಆಯಿತು’ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಅರ್ಧ ತಿರುಗಿಸಿದರೆ ಇಂಜಿನಿನ ತೂಕ ಅರ್ಧ ಆಗುವುದಿಲ್ಲ. ಕಾಲಿನ ಉದ್ದವೂ ಅರ್ಧ ಆಗುವುದಿಲ್ಲ.

ಇಲ್ಲದ ಕೆಂಪು ಹಗ್ಗ

ಇಷ್ಟೆಲ್ಲ ತಪ್ಪಿದ್ದರೂ ಹುಡುಗ ಬಿದ್ದೊಡನೆ ಇಂಜಿನು ನಿಂತಿದ್ದರೆ ಹೊಲಿಗೆ ಬೀಳುತ್ತಿರಲಿಲ್ಲ. ಅದಕ್ಕೆಂದೇ ಈ ಇಂಜಿನುಗಳಲ್ಲಿ ಒಂದು ಉಪಾಯ ಉಂಟು. ಟೆಲಿಫೋನಿನ ಹಳೆ ವಯರಿನ ಹಾಗೆ ಸುರುಳಿ ಸುರುಳಿಯಾದ ಕೆಂಪು ಹಗ್ಗ. ಒಂದು ತುದಿಯ ಕ್ಲಿಪ್ಪು ಇಂಜಿನಿನ ಸ್ವಿಚ್ಚಿಗೆ, ಇನ್ನೊಂದು ತುದಿ ಚಾಲಕನ ತೊಡೆಗೋ ಜಾಕೆಟ್ಟಿಗೋ. ಚಾಲಕ ಬಿದ್ದರೆ ಕ್ಲಿಪ್ಪು ಕಳಚುತ್ತದೆ, ಇಂಜಿನು ಸ್ತಬ್ಧ.

ನಮ್ಮ ಇಂಜಿನಿನಲ್ಲಿ ಹಗ್ಗ ಇರಲಿಲ್ಲ. ಎಂದೋ ಕಳೆದುಹೋಗಿ, ಸ್ವಿಚ್ಚು ಕೆಲಸ ಮಾಡಲಿ ಎಂದು ಕ್ಲಿಪ್ಪಿನ ಜಾಗಕ್ಕೆ ಯಾರೋ ನೈಲಾನ್ ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ಫ್ಯೂಸಿಗೆ ದಪ್ಪ ತಂತಿ ಹಾಕುವ ನಮ್ಮ ಹಳೆ ಚಾಳಿಯೇ. ಇನ್ನೊಂದು ಚಾಳಿ ನೋಡಿ. ಹಿಡಿಯಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ಬಿಗಿ ಮಾಡಿದರೆ ತಿರುಗಿಸಿದ ವೇಗ ಅಲ್ಲೇ ನಿಲ್ಲುತ್ತದೆ. ಗಂಟೆಗಟ್ಟಲೆ ಕಡಲಿನಲ್ಲಿ ಹೋಗುವ ಮೀನುಗಾರನ ಕೈಗೆ ವಿಶ್ರಾಂತಿ. ಆ ಸ್ಕ್ರೂ ಬಿಗಿ ಇದ್ದಂತೆಯೇ ಬಂದಿತ್ತು. ಹುಡುಗನ ಕೈ ಬಿಟ್ಟರೂ ವೇಗ ಬಿಡಲಿಲ್ಲ. ಫ್ಯಾನಿನ ತಿರುಗಾಟದ ಎಳೆತಕ್ಕೆ ಹಿಡಿ ಒಂದು ಬದಿಗೆ ವಾಲಿತು, ಬೋಟು ವೃತ್ತ ಹಾಕಿತು. ಬಿದ್ದವನು ಅದರ ದಾರಿಯಲ್ಲೇ ಇರುತ್ತಾನೆ, ಎಲ್ಲಿ ಹೋಗಬೇಕು? ಲೈಫ್ ಜಾಕೆಟ್ ಹಾಕಿದವನು ಮುಳುಗಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಇದು ನಮ್ಮ ಪೇಟೆಯ ದಡ್ಡತನ ಮಾತ್ರ ಎಂದು ತಿಳಿಯಬೇಡಿ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪ್ಯಾಡ್‌ಸ್ಟೋ ಎಂಬ ಊರಿನ ಅಳಿವೆಯಲ್ಲಿ ಆರು ಜನರ ಕುಟುಂಬವೊಂದು ಬೋಟು ತಿರುಗಿಸುವಾಗ ಇಡಿಯಾಗಿ ನೀರಿಗೆ ಬಿತ್ತು. ಅದೂ ಗಾಳಿ ಕೊಳವೆಯ ಬೋಟೇ, ಆದರೆ ತಳ ಗಟ್ಟಿ, ಎಂಟು ಮೀಟರ್ ಉದ್ದ, ಇಂಜಿನು ಇದರ ಹತ್ತಾರು ಪಾಲು. ಹಗ್ಗ ಬೋಟಿನಲ್ಲಿತ್ತು, ಕಟ್ಟಿಕೊಂಡಿರಲಿಲ್ಲ. ಖಾಲಿ ಬೋಟು ಸುತ್ತು ಹೊಡೆದು ಅವರ ಮೇಲೆಯೇ ಹೋಯಿತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು, ತಾಯಿ ಒಂದು ಕಾಲು ಕಳೆದುಕೊಂಡರು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ಬೋಟಿನಲ್ಲಿ ಇಂಥ ಸ್ವಿಚ್ಚಿದ್ದರೆ ಅದನ್ನು ಚಾಲಕ ತನಗೆ ಜೋಡಿಸಿಕೊಳ್ಳಲೇಬೇಕು ಎಂದು 2021ರ ಏಪ್ರಿಲ್ 1ರಿಂದ ಕಾನೂನೇ ಬಂದಿದೆ.

ನಮ್ಮ ಕಡೆಯದ್ದೇ ಬೇಕಾದರೆ, 2024ರ ಡಿಸೆಂಬರಿನಲ್ಲಿ ಮುಂಬಯಿ ಬಂದರಿನಲ್ಲಿ ಇಂಜಿನಿನ ಪರೀಕ್ಷೆಗೆ ಹೋದ ನೌಕಾಪಡೆಯ ವೇಗದ ಬೋಟು ಹತೋಟಿ ತಪ್ಪಿ ಎಲಿಫೆಂಟಾದ ಪ್ರವಾಸಿ ದೋಣಿಗೆ ಬಡಿದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ಕಂಡಿದ್ದೀರಿ. ಹದಿಮೂರಕ್ಕೂ ಹೆಚ್ಚು ಜನ ಹೋದರು. ಅದರ ಕಥೆ ಬೇರೆ, ಗಾತ್ರ ಬೇರೆ. ಆದರೆ ಟ್ರಯಲ್ ನೋಡುವ ಜಾಗದಲ್ಲಿ ಜನ ಇರಬಾರದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ನಮ್ಮ ಮಕ್ಕಳು ಆ ಭಾನುವಾರ ಎಲ್ಲಿ ನಿಂತಿದ್ದವು ಎಂದು ನೆನೆಸಿದರೆ ಈಗಲೂ ಮೈ ಬೆವರುತ್ತದೆ.

ಪೇಟೆಯ ಬೀದಿಯಲ್ಲಿ ಓಟ ಯಾಕೆ?

ಧಣಿಗಳ ಮಾತಿಗೆ ನ್ಯಾಯವಾಗಿ ಉತ್ತರ ಕೊಡಬೇಕು. ನೆರೆಗೆ ಎದುರು ಹೋಗಲು ಶಕ್ತಿ ಬೇಡವಾ? ಬೇಕು. ಆದರೆ ಆ ಶಕ್ತಿಗೆ ತಕ್ಕ ಬೋಟೂ ಬೇಕು, ಅದನ್ನು ಓಡಿಸಿ ಅಭ್ಯಾಸ ಇರುವ ಕೈಯೂ ಬೇಕು. ತುಂಬಿ ಹರಿಯುವ ನದಿಯ ನಡುವಿಗೆ ಹನ್ನೊಂದಡಿಯ ರಬ್ಬರ್ ಬೋಟು ತೆಗೆದುಕೊಂಡು ಹೋಗುವುದು ಯಾವ ಇಂಜಿನಿನಿಂದಲೂ ಬುದ್ಧಿವಂತಿಕೆ ಅಲ್ಲ. ಅದು ತರಬೇತಿ ಇರುವ ಪಡೆಯವರ ಕೆಲಸ. ವರ್ತಕರ ಬೋಟಿಗೆ ಇರುವ ಕೆಲಸ ಬೀದಿಯಲ್ಲಿ, ತೋಟದಲ್ಲಿ, ಮನೆಯ ಅಂಗಳದಲ್ಲಿ. ಮುದುಕರು, ಬಾಣಂತಿಯರು, ಮಾತ್ರೆ, ಹಾಲು.

ಅಲ್ಲಿ ಓಟ ಬೇಕಾ? ನೀವೇ ಯೋಚಿಸಿ. ನೀರಿನ ಕೆಳಗೆ ಏನೇನಿದೆ? ಕಂಪೌಂಡಿನ ಗೇಟು, ಮುಳ್ಳುತಂತಿ, ಅಡಿಕೆ ತೋಟದ ಗೂಟ, ಯಾರದ್ದೋ ಸ್ಕೂಟರು. ಉದ್ದ ಕಾಲಿನ ಫ್ಯಾನು ಇವುಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ. ನೆರೆಯ ನೀರಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಬರವಿಲ್ಲ. ಇಂಜಿನು ತಣ್ಣಗಾಗಲು ನೀರು ಎಳೆಯುವ ಸಣ್ಣ ತೂತಿಗೆ ಒಂದು ಚೀಲ ಅಂಟಿದರೆ ಇಂಜಿನು ಬಿಸಿ ಹತ್ತಿ ಹಿಡಿದುಕೊಳ್ಳುತ್ತದೆ. ಇಂಜಿನಿನ ಹಿಂದಿನಿಂದ ಸಣ್ಣ ನೀರಿನ ಧಾರೆ ಬೀಳುತ್ತಾ ಇರಬೇಕು, ಮಗು ಉಚ್ಚೆ ಹೊಯ್ದ ಹಾಗೆ. ಆ ಧಾರೆ ನಿಂತಿತೋ, ಇಂಜಿನು ನಿಲ್ಲಿಸಿ ನೋಡು. ಮೆಕ್ಯಾನಿಕ್ ಇದನ್ನು ಹೇಳಿದಾಗ ಜವಳಿ ಅಂಗಡಿಯವರು ಚೀಟಿಯಲ್ಲಿ ಬರೆದುಕೊಂಡರು.

ಅಲೆಯ ಮಾತು ಯಾರಿಗೂ ಹೊಳೆದಿರಲಿಲ್ಲ. ದೊಡ್ಡ ಇಂಜಿನು ಹಾಕಿ ಬೀದಿಯಲ್ಲಿ ವೇಗವಾಗಿ ಹೋದರೆ ಎದ್ದ ಅಲೆ ಎರಡು ಬದಿಯ ಅಂಗಡಿಗಳ ಬಾಗಿಲಿಗೆ ಬಡಿಯುತ್ತದೆ. ನೀರು ಒಂದು ಕಪಾಟು ಕೆಳಗೆ ನಿಂತಿದ್ದರೆ ಅಲೆ ಅದನ್ನು ಮೇಲಿನ ಕಪಾಟಿಗೆ ಮುಟ್ಟಿಸುತ್ತದೆ. ನೆನೆದ ಮಣ್ಣಿನ ಗೋಡೆ ಹತ್ತು ಅಲೆಗೆ ಕೂತುಬಿಡುತ್ತದೆ. ಕಾಪಾಡಲು ಹೋದ ಬೋಟೇ ಅಕ್ಕಿ ಮೂಟೆ ನೆನೆಸಿದರೆ ಚಂದಾ ಕೊಟ್ಟವರು ಸುಮ್ಮನಿರುತ್ತಾರೆಯೇ?

ನೀರಿನಲ್ಲಿರುವವರನ್ನು ಹತ್ತಿಸುವ ರೀತಿಯೂ ಕಲಿಯಬೇಕಾದದ್ದು. ಹರಿವಿಗೆ ಎದುರಾಗಿ ಮೆಲ್ಲ ಹತ್ತಿರ ಬರಬೇಕು, ಆಗ ಬೋಟು ನಿಂತ ಹಾಗೆ ಇರುತ್ತದೆ. ಕೈಗೆ ಸಿಕ್ಕೊಡನೆ ಇಂಜಿನು ಬಂದ್. ಬದಿಯಿಂದ ಹತ್ತಿಸುವುದು, ಹಿಂದಿನಿಂದ ಅಲ್ಲ. ಹಿಂದೆ ಫ್ಯಾನು ಇದೆ. ಮತ್ತೆ ಎರಡು ಹುಟ್ಟು, ಒಂದು ಬಿದಿರಿನ ಗಳು ಯಾವಾಗಲೂ ಬೋಟಿನಲ್ಲಿರಬೇಕು. ಕಡವಿನ ಅಜ್ಜನ ಪ್ರಕಾರ ಇಂಜಿನು ಇಲ್ಲದಿದ್ದರೂ ಆದೀತು, ಗಳು ಇಲ್ಲದಿದ್ದರೆ ಆಗಲಿಕ್ಕಿಲ್ಲ.

ಅಜ್ಜನ ಮಾತು ಅತಿಯಾಯಿತು ಅನ್ನಿಸಿದರೆ ಒಂದು ಹಳೆ ಸಂಗತಿ ಕೇಳಿ. 1952ರಲ್ಲಿ ಅಲೈನ್ ಬೊಂಬಾರ್ ಎಂಬ ಫ್ರೆಂಚ್ ಡಾಕ್ಟರು ಕೆನರಿ ದ್ವೀಪದಿಂದ ಅಟ್ಲಾಂಟಿಕ್ ಸಾಗರ ದಾಟಿ ಬಾರ್ಬಡೋಸ್ ಮುಟ್ಟಿದ್ದು ಹದಿನೈದಡಿಯ ಗಾಳಿ ತುಂಬಿದ ರಬ್ಬರ್ ಬೋಟಿನಲ್ಲಿ, ಒಬ್ಬರೇ, 65 ದಿನ. ಸಣ್ಣ ಹಾಯಿ ಇತ್ತು, ಇಂಜಿನು ಇರಲಿಲ್ಲ. ಓಲೆ ಎವಿನ್‌ರೂಡ್ ಎಂಬಾತ ಅಮೆರಿಕದಲ್ಲಿ 1909ರಲ್ಲಿ ಮಾರಾಟಕ್ಕಿಟ್ಟು ಈ ಔಟ್‌ಬೋರ್ಡ್ ಇಂಜಿನುಗಳಿಗೆ ಹೆಸರು ತಂದುಕೊಟ್ಟನಲ್ಲ, ಅದರ ಶಕ್ತಿ ಎಷ್ಟು ಗೊತ್ತೇ? ಒಂದೂವರೆ ಹಾರ್ಸ್‌ಪವರ್. ಜನ ಮುಗಿಬಿದ್ದು ತೆಗೆದುಕೊಂಡರು. ನಮಗೆ ಇಪ್ಪತ್ತೈದು ಬೇಕು.

ಸಭೆ ನಡೆಯಿತು

ಹೊಲಿಗೆ ಬಿಚ್ಚಿದ ವಾರ ವರ್ತಕರ ಸಭೆ. ಬೋಟು ಮಾರಿಬಿಡಿ, ಪೀಡೆ ಬೇಡ ಎಂದರು ಜಿನಸಿನಂಗಡಿಯವರು. “ಮಾರಿ, ಮತ್ತೆ ನನ್ನ ತಾಯಿಯನ್ನು ಬಾಳೆದಿಂಡಿನಲ್ಲಿ ಮಲಗಿಸುವುದಾ?” ಎಂದು ಹೋಟೆಲಿನವರು ಎದ್ದು ನಿಂತರು. ಅಲ್ಲಿಗೆ ಮಾರುವ ಮಾತು ಮುಗಿಯಿತು. ಜವಳಿ ಅಂಗಡಿಯವರು ಹಿಂದಿನ ಹಲಗೆಯ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಈ ಸಲ ಎಲ್ಲರೂ ಕೇಳಿದರು. ಮೊದಲೇ ಓದಿದ್ದರೆ ಆಗುತ್ತಿರಲಿಲ್ಲವೇ ಎಂದು ಯಾರೋ ಹಿಂದಿನಿಂದ ಕೇಳಿದ್ದಕ್ಕೆ ಅವರ ಮುಖ ಕೆಂಪಾಯಿತು.

ಹಾರ್ಡ್‌ವೇರ್ ಧಣಿಗಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಇಂಜಿನನ್ನು ತಾನೇ ವಾಪಸು ಕೊಡುವೆ, ನಷ್ಟ ತನ್ನದು ಎಂದರು. ದೊಡ್ಡ ಮನಸ್ಸು, ಅದನ್ನು ಬರೆಯದೆ ಇರುವುದು ತಪ್ಪಾದೀತು. ಹತ್ತು ಹಾರ್ಸ್‌ಪವರಿನ ಗಿಡ್ಡ ಕಾಲಿನ ಇಂಜಿನು ಹುಡುಕುವುದೆಂದು ಠರಾವು. ಮಳೆಗೆ ಮೊದಲು ನಾಲ್ಕು ಭಾನುವಾರ ಆರು ಹುಡುಗರಿಗೆ ಅಭ್ಯಾಸ, ದಡದಲ್ಲಿ ಜನ ಸೇರಿಸುವ ಹಾಗಿಲ್ಲ. ಕಲಿಸುವುದಕ್ಕೆ ಮೆಕ್ಯಾನಿಕ್ ಒಬ್ಬರು, ನದಿ ತೋರಿಸುವುದಕ್ಕೆ ಕಡವಿನ ಅಜ್ಜ. ಬಿದ್ದ ಹುಡುಗನೂ ಆರರಲ್ಲಿ ಒಬ್ಬ. ತಾಯಿ ಒಪ್ಪಿರಲಿಲ್ಲ, ಅವನೇ ಹಠ ಮಾಡಿ ಹೆಸರು ಕೊಟ್ಟ.

ಮೊನ್ನೆ ಆ ಅಂಗಡಿಗೆ ಹೋದಾಗ ಕ್ಯಾಶ್ ಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ಎರಡು ಹೊಸ ಕೆಂಪು ಹಗ್ಗ ತೂಗುತ್ತಿತ್ತು. ಇಂಜಿನು ಇನ್ನೂ ಬಂದಿಲ್ಲ, ಹಗ್ಗ ಮೊದಲೇ ತರಿಸಿದ್ದಾರೆ. ಒಂದು ಕಟ್ಟಿಕೊಳ್ಳಲಿಕ್ಕೆ, ಒಂದು ಕಳೆದುಹೋದರೆ ಇರಲಿ ಅಂತ.

ಅಜ್ಜನನ್ನು ದಡದಲ್ಲಿ ಕಂಡೆವು. ಹುಡುಗರಿಗೆ ಕಲಿಸಲು ಒಪ್ಪಿದಿರಂತೆ ಎಂದು ಕೇಳಿದರೆ, “ಒಪ್ಪದೆ ಎಂತ ಮಾಡುವುದು? ಆದ್ರೆ ಬಲೆಯ ದುಡ್ಡು ಯಾರು ಕೊಡುವುದು ಅಂತ ಯಾರೂ ಹೇಳ್ಲಿಲ್ಲ” ಎಂದ. ಠರಾವಿನ ಪುಸ್ತಕ ತೆಗೆದು ನೋಡಿದೆವು. ಬಲೆಯ ಮಾತು ಅದರಲ್ಲಿ ನಿಜಕ್ಕೂ ಇಲ್ಲ. ಮುಂದಿನ ಸಭೆ ಬರುವ ಭಾನುವಾರ ಸಂಜೆ ಐದಕ್ಕೆ, ಹೋಟೆಲಿನ ಮಾಳಿಗೆಯಲ್ಲಿ.